ಪರದೇಶದ ಅಜ್ಜಿ ಆಡಿದ ಅಗಳಿ ಮಾತು

ಇಂಥವನ್ನು ನಾನು ನಂಬಿದವಳಲ್ಲ. ಮಡಕಶಿರಾ ಹತ್ತಿರದ ಅಗಳಿ ನನ್ನ ಅಜ್ಜಿಯ ಊರು. ಅಲ್ಲಿ ಯಾರಾದರೂ ಹೆಂಗಸಿನ ಮೈಮೇಲೆ ದೇವರು ಬಂದರೆ ಎಲ್ಲರೂ ಕೈಮುಗಿದು ನಿಲ್ಲುತ್ತಿದ್ದರು. ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನು ಮಾತ್ರ ಗೋಡೆಗೆ ಒರಗಿ, ಆಕೆಯ ಸೆರಗು ಜಾರಿದಾಗ ಸರಿಮಾಡಿಕೊಳ್ಳುತ್ತಾಳೋ ಇಲ್ಲವೋ ಎಂದು ನೋಡುತ್ತಿದ್ದೆ. ಸರಿಮಾಡಿಕೊಂಡರೆ ನಾಟಕ ಎಂದು ನನ್ನ ತೀರ್ಮಾನ. ಸಾಮಾನ್ಯವಾಗಿ ಎಲ್ಲರೂ ಸರಿಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ನಮ್ಮ ಮನೆಯವರದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ಟು. ಮಗಳು ಸಹನಾ ಜಾರ್ಜಿಯಾ ದೇಶದಲ್ಲಿ ಡಾಕ್ಟರಿಕೆ ಓದಲು ಹೋದಳು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಓದುತ್ತಾರೆ, ಅನ್ನ ಸಾರಿಗಾಗಿ ಬಾಯಿಬಿಡುತ್ತಾರೆ. ಕಾಲೇಜಿನ ಹತ್ತಿರ ಒಂದು ಫ್ಲ್ಯಾಟು ಕೊಂಡು, ಅಲ್ಲೇ ನೆಲೆಸಿ, ನಾನು ಅಡುಗೆ ಮಾಡಿ ಮೆಸ್ ನಡೆಸುವುದೆಂದು ಯೋಚನೆ ಬಂತು. ಪರದೇಶದವರೂ ಅಲ್ಲಿ ಮನೆ ಕೊಳ್ಳಬಹುದಂತೆ. ಇವರು ಯೂನಿಟ್ಟನ್ನು ತಮ್ಮನಿಗೆ ಬಿಟ್ಟುಕೊಡಲು ಒಪ್ಪಿದರು. ನಿಜ ಹೇಳಬೇಕೆಂದರೆ ಈ ಆಸೆ ಅವರಿಗಿಂತ ನನಗೇ ಹೆಚ್ಚು. ಮದುವೆಯಾದಂದಿನಿಂದ ಅತ್ತೆಯ ಅಡುಗೆಮನೆಯಲ್ಲಿ ಬೇಯಿಸಿದವಳಿಗೆ, ನನ್ನದೇ ಒಲೆ, ನನ್ನದೇ ಸಂಪಾದನೆ ಎಂದರೆ ಎಷ್ಟು ಆಸೆಯಿರುತ್ತದೆ ಎಂಬುದು ಹೆಂಗಸರಿಗೆ ಗೊತ್ತು.

ಪಕ್ಕದ ಮನೆ ಗಂಗಮ್ಮ ತಮಾಷೆ ಮಾಡಿದ್ದೇ ಮಾಡಿದ್ದು. "ಅಲ್ಲಿ ಮಾಮಾ ಅಂದ್ರ ಅಪ್ಪ ಅಂತಲ್ರೀ ಅಕ್ಕಾರ! ನಿಮ್ಮ ಮಾವನ್ನ ಮಾತ್ರ ಕರ್ಕೊಂಡು ಹೋಗಬ್ಯಾಡ್ರಿ, ಗಡಿಬಿಡಿ ಆಗ್ತೈತಿ."

ಮನೆ ನೋಡಲೆಂದು ನಾವಿಬ್ಬರೂ ಹೋದೆವು. ಅಲ್ಲಿನ ಅಕ್ಷರಗಳು ನಮ್ಮ ಕನ್ನಡದ ಹಾಗೆಯೇ ಗುಂಡಗೆ. ದೂರದಿಂದ ಓದಿಬಿಡಬಹುದು ಅನ್ನಿಸುತ್ತದೆ, ಹತ್ತಿರ ಹೋದರೆ ಒಂದೂ ಗುರುತು ಹತ್ತುವುದಿಲ್ಲ. ಏಜೆಂಟ್ ನಾಲ್ಕಾರು ಮನೆ ತೋರಿಸಿದ. ಕೊನೆಗೆ ಒಂದು ಮಧ್ಯಾಹ್ನ, ಹಳೆಯ ಕಟ್ಟಡದಲ್ಲಿದ್ದ ಆ ಫ್ಲ್ಯಾಟಿಗೆ ಕರೆದೊಯ್ದ. ಮನೆಯೊಡತಿಯ ಹೆಸರು ನಿನೋ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ನಗುಮುಖ. ಅಡುಗೆಮನೆಗೆ ದೊಡ್ಡ ಕಿಟಕಿ, ಉದ್ದನೆಯ ಕಟ್ಟೆ. ಆಗಲೇ ನನ್ನ ಮನಸ್ಸಿನಲ್ಲಿ ಕುಕ್ಕರು, ಒಗ್ಗರಣೆ ಡಬ್ಬಿ ಎಲ್ಲವೂ ಜಾಗ ಹಿಡಿದು ಕೂತಿದ್ದವು.

ಒಳಕೋಣೆಯಲ್ಲಿ ನಿನೋಳ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ತುಂಬ ವಯಸ್ಸಾದ ಅಜ್ಜಿ. ಕಾಲುಚೀಲದ ಹಿಮ್ಮಡಿಗೆ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿತ್ತು, ಹೊಲಿಗೆ ಬಹಳ ನೀಟಾಗಿತ್ತು. ಇವರು ಏಜೆಂಟನ ಜೊತೆ ಬಾಲ್ಕನಿಯಲ್ಲಿದ್ದರು, ನಿನೋ ಚಹಾ ತರಲು ಹೋಗಿದ್ದಳು. ನಮ್ಮ ಜೊತೆ ಬಂದಿದ್ದ ಸಹನಾ ಬಾಗಿಲ ಹತ್ತಿರ ನಿಂತಿದ್ದಳು. ಅಜ್ಜಿ ನನ್ನತ್ತ ನೋಡಿ ಮೆಲ್ಲಗೆ ಮಾತಾಡಿದರು.

"ಮನೆ ಮಾರ್ತಾವ್ರೆ ಅಂತ ನಂಗ್ಯಾರೂ ಒಂದ್ ಮಾತು ಯೋಳ್ಲಿಲ್ಲ ಕಣವ್ವ. ಇನ್ನೊಂದ್ಸಲ ಮದ್ವೆಗೆ ಅಂತ ಕರ್ಕಂಡೋಗಬ್ಯಾಡ್ರಿ ಅಂತ ಅವ್ಳಿಗೆ ಯೋಳು."

ನಾನು ಕೇಳಿಸಿಕೊಂಡದ್ದು ಹೀಗೇ. ಅಗಳಿಯ ಕನ್ನಡ, ನಮ್ಮ ಅಜ್ಜಿ ಆಡುತ್ತಿದ್ದ ಹಾಗೆ. ಆ ಗಳಿಗೆಯಲ್ಲಿ ಅದು ವಿಚಿತ್ರ ಅನ್ನಿಸಲೂ ಇಲ್ಲ. "ಹೇಳ್ತೀನಿ ಬಿಡಜ್ಜಿ" ಅಂದೆ. ನಿನೋ ಟ್ರೇ ಹಿಡಿದು ಬಂದಾಗ ಇಂಗ್ಲಿಷಿನಲ್ಲಿ ಹೇಳಿಯೂಬಿಟ್ಟೆ: ಮನೆ ಮಾರುವುದನ್ನು ನಿಮ್ಮ ಅತ್ತೆಗೆ ಯಾರೂ ತಿಳಿಸಿಲ್ಲವಂತೆ, ಮತ್ತೆ ಮದುವೆಯ ನೆಪ ಹೇಳಿ ಕರೆದೊಯ್ಯಬೇಡಿ ಅನ್ನುತ್ತಿದ್ದಾರೆ.

ನಿನೋ ಟ್ರೇಯನ್ನು ನೆಲದ ಮೇಲೆಯೇ ಇಟ್ಟು ಮಂಚದ ತುದಿಯಲ್ಲಿ ಕೂತಳು. ಮದುವೆಯ ವಿಷಯ ನಿಮಗೆ ಯಾರು ಹೇಳಿದರು ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಅಳಲು ಶುರುಮಾಡಿದಳು. ಹಿಂದೊಮ್ಮೆ ನೆಂಟರ ಮದುವೆಯೆಂದು ಅತ್ತೆಯನ್ನು ಹಳ್ಳಿಯಿಂದ ಕರೆತಂದು, ಅವರಿಗೆ ತಿಳಿಯದ ಹಾಗೆ ಆ ಹಳ್ಳಿಮನೆಯನ್ನು ಮಾರಿದ್ದರಂತೆ. ಈ ಸಲವೂ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಏಜೆಂಟ್ ಓಡಿಬಂದ. ಅವಳ ಗಂಡನೂ ಎಲ್ಲಿಂದಲೋ ಬಂದು ಏನೋ ಕೂಗಾಡಿದ. ಚಹಾ ಕೊಡಲು ಬಂದವಳನ್ನು ಅವಳದೇ ಮನೆಯಲ್ಲಿ, ಪರಕೀಯರ ಮುಂದೆ ಅಳಿಸಿದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಎಡಬಲ ತಿಳಿಯಲಿಲ್ಲ.

ಮೆಟ್ಟಿಲಿನಲ್ಲಿ ಇವರು ಅಂದರು, "ಊರಾಗ ಇಷ್ಟು ವರ್ಷ ಬಾಯಿ ಬಿಡದಾಕಿ, ಇಲ್ಲಿ ಬಂದು ಮಂದಿ ಮನ್ಯಾಗ ಪಂಚಾಯ್ತಿ ಮಾಡ್ತೀಯಾ?"

"ಅಜ್ಜಿ ಹೇಳಿದ್ರು ರೀ, ನಮ್ಮ ಭಾಷೆಯಲ್ಲೇ."

ಸಹನಾ ನಿಂತುಬಿಟ್ಟಳು. "ಅಮ್ಮಾ, ಅವರು ಮಾತಾಡಿದ್ದು ಇಲ್ಲಿನ ಭಾಷಿ. ಚಳಿ ಅಂತ ಏನೋ ಅಂದ್ರು, ಅಷ್ಟ. ನಾನೂ ಕೇಳೀನಿ. ಯಾಕ ಮರ್ಯಾದಿ ತೆಗೀತಿ?"

ಸೆರಗು ನೋಡುತ್ತಿದ್ದ ಹುಡುಗಿಯ ಮುಂದೆ ಈಗ ನಾನೇ ನಿಂತ ಹಾಗಾಗಿತ್ತು. ಇದು ನನ್ನ ಭ್ರಮೆಯೇ ಇರಬೇಕು ಅಂದುಕೊಂಡೆ. ಅತ್ತೆ, ಸೊಸೆ, ಮಾರಾಟದ ಮನೆ: ಉಳಿದದ್ದನ್ನು ಯಾರಾದರೂ ಊಹಿಸಬಹುದು. ಆದರೆ ಮದುವೆಯನ್ನು? ಅದನ್ನು ನಾನು ಹೇಗೆ ಊಹಿಸಿದೆ?

ಮರುದಿನ ಏಜೆಂಟ್ ಫೋನ್ ಮಾಡಿದ. ಅಜ್ಜಿಗೆ ಎಲ್ಲ ತಿಳಿಸಿದ್ದಾರೆ, ನಿಮ್ಮನ್ನು ನೋಡಬೇಕಂತೆ, ಮನೆ ಬೇಕಾದರೆ ಈಗಲೂ ಕೊಡುತ್ತಾರೆ ಎಂದ. ಹೋದೆವು. ಅಜ್ಜಿಗೆ ಒಗೆದ ತಲೆವಸ್ತ್ರ ಕಟ್ಟಿ ಹಜಾರದಲ್ಲಿ ಕೂರಿಸಿದ್ದರು. ಅವರು ನನ್ನ ಕೈ ಹಿಡಿದು ಬಹಳ ಹೊತ್ತು ಮಾತಾಡಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಬರೀ ಸದ್ದು. ಗಂಟಲಿನಿಂದ ಬರುವ, ನನಗೆ ಸಂಬಂಧವೇ ಇಲ್ಲದ ಸದ್ದು.

ಮಾತು ನಿಂತಾಗ ನಿನೋ ನನ್ನನ್ನು ಕೇಳಿದಳು: ಏನು ಹೇಳಿದರು? ಯೋಚಿಸಿ ನೋಡಿ, ಅದು ಅವಳ ಭಾಷೆ, ಅವಳ ಅತ್ತೆ, ಕೇಳುತ್ತಿರುವುದು ನನ್ನನ್ನು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು.

ನನಗೆ ಗೊತ್ತಾಗುತ್ತಿಲ್ಲ ಅಂದೆ.

ನಿನೋ ನಿರಾಳವಾಗಿ ಉಸಿರು ಬಿಟ್ಟಳು. ಆಮೇಲೆ ತಾನೇ ಹೇಳಿದಳು, ನಿಮ್ಮ ಕೈಗುಣ ಒಳ್ಳೆಯದಂತೆ, ಈ ಮನೆಯಲ್ಲಿ ನೀವು ಸುಖವಾಗಿರಬೇಕೆಂದು ಹರಸುತ್ತಿದ್ದಾರೆ. ನಾನು ತಲೆಯಾಡಿಸಿದೆ. ಅಜ್ಜಿಯ ಬೆರಳುಗಳು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು. ಸಹನಾ ಫೋನಿನಿಂದ ತಲೆ ಎತ್ತಲಿಲ್ಲ.

ಆ ಮನೆಯನ್ನು ನಾವೇ ಕೊಂಡೆವು. ಈಗ ಇಲ್ಲೇ ಇದ್ದೇವೆ. ಮೆಸ್ಸು ಚೆನ್ನಾಗಿ ನಡೆಯುತ್ತಿದೆ, ಮಕ್ಕಳು ಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತಾರೆ. ಅಜ್ಜಿಯನ್ನು ಎಲ್ಲಿಗೆ ಕರೆದೊಯ್ದರೋ ನಾನು ವಿಚಾರಿಸಲಿಲ್ಲ. ಮೊದಲ ದಿನ ಹೇಗೆ ಅರ್ಥವಾಯಿತು ಎಂಬುದು ನನಗೆ ಇಂದಿಗೂ ತಿಳಿಯದು. ನಾಚಿಕೆಯಾಗುವುದು ಅದಕ್ಕಲ್ಲ. ಎರಡನೆಯ ದಿನ ಅರ್ಥವಾಗದೆ ಹೋದಾಗ, ಸದ್ಯ, ಎಂದು ನನ್ನ ಎದೆ ಹಗುರಾಯಿತಲ್ಲ, ಅದಕ್ಕೆ.

ಅಂದು ನಾವು ಎದ್ದು ಹೊರಟಾಗ ಅಜ್ಜಿ ಒಂದೇ ಮಾತನ್ನು ಮತ್ತೆ ಮತ್ತೆ ಅಂದರು. ಅದರ ಸದ್ದು ನನಗೆ ಬಾಯಿಪಾಠವಾಗಿದೆ. ಪಾತ್ರೆ ತೊಳೆಯುವಾಗ ನಾಲಿಗೆಯ ತುದಿಗೆ ಬರುತ್ತದೆ. ಈಚೆಗೆ ಸಹನಾ ನನಗೆ ಇಲ್ಲಿನ ಭಾಷೆ ಕಲಿಸುತ್ತಿದ್ದಾಳೆ. ಬದನೆಕಾಯಿಗೆ, ಕೊತ್ತಂಬರಿಗೆ, ಚಿಲ್ಲರೆ ಕೊಡಿ ಅನ್ನುವುದಕ್ಕೆ ಏನೆನ್ನುತ್ತಾರೆ ಎಂದು ಕೇಳಿ ಕೇಳಿ ಕಲಿತಿದ್ದೇನೆ. ಆ ಮಾತನ್ನು ಅವಳ ಮುಂದೆ ಒಂದು ಸಲ ಅಂದರೆ ಸಾಕು, ಅರ್ಥ ಹೇಳಿಬಿಡುತ್ತಾಳೆ.

ಅದೊಂದನ್ನು ಮಾತ್ರ ಇನ್ನೂ ಕೇಳಿಲ್ಲ.