ಹೊಳೆಮತ್ತಿ ತೋಪಿನ ಬಾವಿ

ವಿನೋಬನಗರದ ಪಂಡಿತರು ನನ್ನ ಎದೆನೋವಿಗೆ ಕೊಟ್ಟ ಪೊಟ್ಟಣ ಬಿಚ್ಚಿದರೆ ಹೊಳೆಮತ್ತಿ ಮರದ ಚಕ್ಕೆಯ ಪುಡಿ. ಹಾಲಿನಲ್ಲಿ ಕುದಿಸಿ ಕುಡಿಯಬೇಕಂತೆ. ಒಂದೇ ಗುಟುಕಿಗೆ ನಾಲಿಗೆಯೆಲ್ಲ ಒಗರಾಯಿತು. ಈ ಮರದ ವಿಷಯದಲ್ಲಿ ನಾನು ಎಂಥ ಘನಂದಾರಿ ಮನುಷ್ಯನೆಂದು ಪಂಡಿತರಿಗೆ ಗೊತ್ತಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಅಕ್ಕ ಗೌರಕ್ಕನನ್ನು ಹರಿಹರದ ಹತ್ತಿರ ಸಾರಥಿಗೆ ಕೊಟ್ಟಿತ್ತು. ಭಾವನ ಹೊಲದ ಅಂಚಿಗೆ, ತುಂಗಭದ್ರೆಯ ದಂಡೆಗೆ, ಹೊಳೆಮತ್ತಿಯ ದೊಡ್ಡ ತೋಪು, ಅದರೊಳಗೊಂದು ಬಾವಿ. ಮಳೆಗಾಲದಲ್ಲಿ ಕೆಂಪುನೀರು ದಂಡೆ ಹತ್ತಿ ಬಂದು, ಬೇರುಗಳ ನಡುವೆ ವಾರಗಟ್ಟಲೆ ನಿಂತು ಇಂಗುತ್ತಿತ್ತು. ಹೊಳೆ ಸೊರಗಿ ಬರೀ ಮರಳಾದ ಬೇಸಿಗೆಯಲ್ಲೂ ಬಾವಿಯಲ್ಲಿ ಸಿಹಿನೀರು. ಅಕ್ಕ ಅದನ್ನು ತವರಿನಲ್ಲಿ ಹೊಗಳುವುದು ನೋಡಿ, ಗಂಡನನ್ನಾದರೂ ಇಷ್ಟು ಹೊಗಳಬಾರದೇ ಎಂದು ನಾವು ರೇಗಿಸುತ್ತಿದ್ದೆವು.

ಒಂದು ಬೇಸಿಗೆ ಬಾವಿಯ ನೀರು ನಾಲ್ಕು ಮೆಟ್ಟಿಲು ಕೆಳಗಿಳಿಯಿತು. ನಾನಾಗ ದಾವಣಗೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅರ್ಧ ಪುಸ್ತಕ ಓದಿದ್ದೆ. ಉಳಿದರ್ಧ ಓದುವ ಅಗತ್ಯ ಕಂಡಿರಲಿಲ್ಲ. ಭಾವನನ್ನು ತೋಪಿಗೆ ಕರೆದುಕೊಂಡು ಹೋಗಿ, ಒಂದೊಂದು ಮರವೂ ದಿನಕ್ಕೆ ಎಷ್ಟೆಷ್ಟು ಕೊಡ ನೀರು ಹೀರುತ್ತದೆಂದು ಪಾಠ ಮಾಡಿದೆ.

"ನಿಮ್ಮ ಬಾವಿ ನೀರೆಲ್ಲ ಇವೇ ಕುಡೀತಾವ್ರಿ ಭಾವ. ಕಡಿಸಿಬಿಡ್ರಿ, ನೀರು ತಾನೇ ಮ್ಯಾಲೆ ಬರ್ತೈತೆ."

ಭಾವ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಓದಿದವರು ಹೇಳಿದರೆ ನಂಬುವವನು. ಅಕ್ಕ ನಾದಿನಿಯ ಬಾಣಂತನಕ್ಕೆಂದು ಕೊಕ್ಕನೂರಿಗೆ ಹೋಗಿದ್ದ ತಿಂಗಳಲ್ಲೇ ತೋಪು ನೆಲಕ್ಕೆ ಮಲಗಿತು. ಗಾಡಿ ಗಾಡಿ ಸೌದೆ ದಾವಣಗೆರೆಗೆ ಹೋಯಿತು.

ಆ ಮಳೆಗಾಲ ಹೊಳೆ ಬಂತು, ತಡೆಯುವವರಿಲ್ಲದ್ದರಿಂದ ನಿಲ್ಲದೆ ಹಾದುಹೋಯಿತು, ಹೋಗುವಾಗ ಮೇಲ್ಮಣ್ಣನ್ನೂ ಎತ್ತಿಕೊಂಡು ಹೋಯಿತು. ಮರುವರ್ಷವೂ ಅಷ್ಟೇ. ಆಮೇಲಿನ ಶಿವರಾತ್ರಿಯ ಹೊತ್ತಿಗೆ ಬಾವಿಯ ತಳದಲ್ಲಿ ಬರೀ ಕೆಸರಿತ್ತು. ಅಕ್ಕ ಹೊಳೆಯ ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ಮೊಗೆಮೊಗೆದು ಕೊಡ ತುಂಬಿಸಿ ತರತೊಡಗಿದಳು. ಒಂದು ದಿನ ನನ್ನೆದುರೇ ಕೊಡ ಇಳಿಸಿ, ಯಾರ ಮಾತು ಕೇಳಿ ಕಡಿಸಿದಿರಿ ಎಂದು ಗಂಡನನ್ನು ಕೇಳಿದಳು. ಭಾವ ಒಮ್ಮೆ ನನ್ನತ್ತ ನೋಡಿದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಎಂದು ಹುಡುಕುತ್ತಿದ್ದೆ.

"ಯಾರ ಮಾತೂ ಇಲ್ಲ. ನಂಗೇ ಬುದ್ಧಿ ಇರ್ಲಿಲ್ಲ" ಎಂದ ಭಾವ.

ನನ್ನ ಹೇಡಿತನಕ್ಕೆ ಆಮೇಲೆ ಒಳ್ಳೊಳ್ಳೆಯ ಹೆಸರು ಇಟ್ಟುಕೊಂಡೆ. ಗಂಡಹೆಂಡಿರ ನಡುವೆ ಬಾಯಿ ಹಾಕಬಾರದು ಎಂದುಕೊಂಡೆ. ಭಾವ ತೀರಿಕೊಂಡ ಮೇಲೆ, ಹಳೆಯದನ್ನು ಕೆದಕಬಾರದು ಎಂದುಕೊಂಡೆ. ಅವನಂತೂ ಕೊನೆಯವರೆಗೂ ನನ್ನ ಹೆಸರು ಎತ್ತಲಿಲ್ಲ.

ಪುಡಿ ಕುಡಿದ ಮರುದಿನ ಬಸ್ಸು ಹತ್ತಿ ಸಾರಥಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಹೇಳಿದರೆ ನನಗೆ ಹಗುರಾಗುತ್ತದೆ ಎಂದೇ ಹೋಗಿದ್ದೆ, ಅಲ್ಲೂ ನನ್ನದೇ ಯೋಚನೆ. ಅವಳು ಮೊರ ಬದಿಗಿಟ್ಟಳು.

"ತೋಪು ಕಡಿಸಿದ ಮ್ಯಾಲೆ ಅವ್ರು ಹೊಲದಿಂದ ಬಂದ್ರೆ ಕಾಲಿಗೆ ನಾ ಒಂದಿನಾನೂ ನೀರು ಕೊಡ್ಲಿಲ್ಲ. ಸಾಯೋತನಕ ತಾವೇ ತಗೊಂಡು ಹಾಕ್ಕೊಂಡ್ರು. ಯಾಕ ಅಂತ ಒಂದ್ಸಲಾನೂ ಕೇಳ್ಲಿಲ್ಲ."

ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಕೂಡ್ರು ಎಂದು ಅವಳು ಹೇಳಲಿಲ್ಲ.