ದೊಡ್ಡಪ್ಪನ ಸಾಕ್ಷಿ, ನನ್ನ ಬಾಯಿ

ಸೇನಾ ನ್ಯಾಯಾಲಯಕ್ಕೆ ದುಭಾಷಿಯಾಗಿ ನನ್ನನ್ನು ಕಳಿಸಬೇಕೆಂಬ ಪತ್ರ ಶಾಲೆಗೆ ಬಂದಾಗ ಹೆಡ್‌ಮಾಸ್ತರರು ಗಾಬರಿಯಾದರು. ‘ಗುಂಡು ಗಿಂಡು ಹೊಡಿತಾರೇನ್ರಿ ಬಾಯಾರ?’ ಎಂದು ಕೇಳಿದರು.

ನಾನು ಬಬಲೇಶ್ವರದಲ್ಲಿ ಹುಟ್ಟಿದವಳು, ವಿಜಯಪುರದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಬಿಜ್ಜರಗಿಯ ಸೈನಿಕನೊಬ್ಬ ರಜೆ ಮುಗಿದರೂ ಮರಳದೆ ಊರಲ್ಲೇ ಉಳಿದಿದ್ದ. ಅವನ ನೌಕರಿ ಉಳಿಯುತ್ತದೋ ಹೋಗುತ್ತದೋ ಎಂಬ ವಿಚಾರಣೆ ಅದು. ಸಾಕ್ಷಿಗಳು ಇಲ್ಲಿಯವರಾದ್ದರಿಂದ ನ್ಯಾಯಾಲಯವೇ ವಿಜಯಪುರಕ್ಕೆ ಬಂದು ಒಂದು ಸರ್ಕಾರಿ ಕಟ್ಟಡದಲ್ಲಿ ಕೂತಿತ್ತು.

ವರಾಂಡದ ಬೆಂಚಿನ ಮೇಲೆ ಅವನ ದೊಡ್ಡಪ್ಪ ಕೂತಿದ್ದರು. ದ್ರಾಕ್ಷಿ ತೋಟದ ಒಡೆಯರು, ಮುಖ್ಯ ಸಾಕ್ಷಿ.

‘ಯಾವೂರಾಕಿ ಬೇ? ಯಾರ ಪೈಕಿ?’

ಊರು ಹೇಳಿದೆ, ಓಣಿ ಹೇಳಿದೆ. ಅವರು ಕೇಳದಿದ್ದರೂ ನಾವು ದಲಿತರು, ಈಗ ಬೌದ್ಧರು ಎಂದೂ ಹೇಳಿದೆ. ಅವರು ಬೆಂಚಿನ ತುದಿಗೆ ಸರಿದರು. ನನ್ನಪ್ಪನ ಕಾಲದಲ್ಲಿ ನಾವು ಸರಿಯಬೇಕಿತ್ತು, ಈಗ ಅವರು ಸರಿಯುತ್ತಾರೆ. ಬದಲಾವಣೆ ಅಂದರೆ ಇಷ್ಟೇ.

ಆಮೇಲೆ ಎದ್ದು, ಕಾವಲಿನವರ ನಡುವೆ ನಿಂತಿದ್ದ ಆ ಸೈನಿಕ ಹುಡುಗನಿಗೆ ನನಗೆ ಕೇಳುವಂತೆಯೇ ಹೇಳಿದರು: ‘ಈಕಿ ಬ್ಯಾಡ ಅನ್ನು. ನಿನಗ ಹಕ್ಕೈತಿ.’

ಹಕ್ಕು ನಿಜವಾಗಿಯೂ ಇತ್ತು. ದುಭಾಷಿಗೆ ಪ್ರಮಾಣ ಬೋಧಿಸುವ ಮೊದಲು ಆರೋಪಿಯನ್ನು ಕೇಳುತ್ತಾರೆ. ಅವನು ಬೇಡವೆಂದರೆ ನ್ಯಾಯಾಲಯ ಬೇರೆಯವರನ್ನು ಹುಡುಕಬೇಕು, ನಾನು ಮನೆಗೆ ನಡೆಯಬೇಕು.

ಒಳಗೆ ಅಧ್ಯಕ್ಷರಾಗಿದ್ದ ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಹುಡುಗ ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ‘ಆಕ್ಷೇಪ ಇಲ್ಲ ಸಾಹೇಬ್’ ಎಂದ. ನಾನು ದೇವರ ಹೆಸರು ಬಿಟ್ಟು, ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ ಎಂದೆ. ನನ್ನ ನಂತರ ಶೀಘ್ರಲಿಪಿಕಾರ ದೇವರ ಮೇಲೆ ಆಣೆ ಮಾಡಿದ. ಅವನದೂ ನನ್ನದೂ ಒಂದೇ ಕಾಗದದಲ್ಲಿ ದಾಖಲಾಯಿತು.

ನನಗೆ ಕೊಟ್ಟ ಸೂಚನೆ ಒಂದೇ: ಏನನ್ನೂ ಸೇರಿಸಬಾರದು, ಬಿಡಬಾರದು. ಸಾಕ್ಷಿ ‘ನಾನು’ ಎಂದರೆ ನಾನೂ ‘ನಾನು’ ಎಂದೇ ಹೇಳಬೇಕು.

ದೊಡ್ಡಪ್ಪ ಒಳಗೆ ಬಂದವರೇ ನನ್ನ ಕಡೆ ಬೆರಳು ತೋರಿಸಿದರು. ‘ಸಾಹೇಬ್ರ, ಈಕಿ ಬಾಯಿಲೆ ನನ್ನ ಮಾತು ಬ್ಯಾಡ್ರಿ. ಇವರ ಮಂದಿ ನಮ್ಮ ಮುಂದ ನಿಂತು ಮಾತಾಡೂದು ನಾ ಒಪ್ಪಂಗಿಲ್ಲ.’

ಅಧಿಕಾರಿಗಳೆಲ್ಲ ನನ್ನ ಮುಖ ನೋಡಿದರು. ನಾನು ನಾಚಿಕೊಂಡು ಅದನ್ನು ನುಂಗುತ್ತೇನೆಂದು ದೊಡ್ಡಪ್ಪ ಲೆಕ್ಕ ಹಾಕಿದ್ದರು. ಸೆರಗು ಸರಿಮಾಡಿಕೊಂಡು, ತರಗತಿಯ ಕಡೆಯ ಬೆಂಚಿಗೆ ಕೇಳುವ ದನಿಯಲ್ಲಿ, ಪೂರ್ತಿ ಹಿಂದಿಯಲ್ಲಿ ಹೇಳಿದೆ: ‘ಈಕೆಯ ಬಾಯಿಂದ ನನ್ನ ಮಾತು ಬೇಡ. ಇವರ ಜನ ನಮ್ಮ ಮುಂದೆ ನಿಂತು ಮಾತಾಡುವುದನ್ನು ನಾನು ಒಪ್ಪುವುದಿಲ್ಲ.’ ಶೀಘ್ರಲಿಪಿಕಾರನ ಪೆನ್ಸಿಲ್ ಒಂದು ಕ್ಷಣ ನಿಂತು, ಮತ್ತೆ ಓಡಿತು.

ಅಧ್ಯಕ್ಷರ ಮುಖ ಬಿಗಿಯಿತು. ಈಕೆಯ ಮೂಲಕ ಹೇಳಿ, ಇಲ್ಲವೇ ಹೊರಡಿ ಎಂದರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಿದೆ.

ದೊಡ್ಡಪ್ಪ ಹುಡುಗನನ್ನು ನೋಡಿದರು. ಆಮೇಲೆ ಶುರು ಮಾಡಿದರು. ‘ಅವರವ್ವ ಹಾಸಿಗಿ ಹಿಡಿದಿದ್ಲು. ಹುಡುಗ ಹೊಂಟ ನಿಂತಿದ್ದ, ನಾನ ತಡದೆ. ಒಂದು ವಾರ ಇರು ಅಂದಾಂವ ನಾನ. ತಪ್ಪು ನಂದೈತ್ರಿ.’ ಸೇಡು ತೀರಿಸಿಕೊಳ್ಳಲು ಒಂದು ಶಬ್ದ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ‘ತಪ್ಪು ನನ್ನದು’ ಎಂಬುದನ್ನು ಮೊದಲಿನಷ್ಟೇ ಗಟ್ಟಿಯಾಗಿ ಹೇಳಿದೆ.

ಕೊನೆಗೆ ಬರೆದುಕೊಂಡ ಸಾಕ್ಷ್ಯವನ್ನು ಓದಿ ಹೇಳುವ ಕ್ರಮ. ಶೀಘ್ರಲಿಪಿಕಾರ ಓದಿದ, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲ ಸಾಲೇ ನನ್ನ ಬಾಯಿ ಬೇಡವೆಂದ ಆ ಸಾಲು. ದೊಡ್ಡಪ್ಪ ತಲೆ ತಗ್ಗಿಸಿದರು.

‘ಅದನ್ನಷ್ಟ ತಗಸ್ ಬೇ ತಂಗಿ.’

ಅದನ್ನೂ ಹಿಂದಿಗೆ ತಂದೆ. ‘ತಂಗಿ’ಯನ್ನೂ ಬಿಡಲಿಲ್ಲ. ಅಧ್ಯಕ್ಷರು ಆಗದು ಎಂಬಂತೆ ತಲೆಯಾಡಿಸಿ ಉತ್ತರ ಕೊಟ್ಟರು.

ನಾನು ದೊಡ್ಡಪ್ಪನ ಕಣ್ಣನ್ನೇ ನೋಡಿ ಅದನ್ನು ಕನ್ನಡದಲ್ಲಿ ಹೇಳಿದೆ: ‘ನೀವು ಅಂದದ್ದು ಹಂಗ ಇರ್ತೈತ್ರಿ.’