ಪಿಸುಮಾತು ಬಾರದ ಹಲೀಮಾ ಆಪಾ

ಹಲೀಮಾ ಆಪಾಗೆ ಪಿಸುಮಾತು ಬರುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಅವರ ಮನೆಯ ಹಿಂದೆಯೇ ಅವರದೇ ಫಿಲೇಚರು, ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ. ಗೂಡು ಬೇಯುವ ಬಿಸಿನೀರು, ರೇಷ್ಮೆ ನೂಲು ಸುತ್ತುವ ಯಂತ್ರದ ಗದ್ದಲ, ಅದರ ನಡುವೆ ಮೂವತ್ತೈದು ವರ್ಷ ಮಾತಾಡಿದ ಹೆಂಗಸು. ಯಂತ್ರ ನಿಂತರೂ ಅವರ ಗಂಟಲು ಇಳಿಯುತ್ತಿರಲಿಲ್ಲ. ಸೊಸೆಯನ್ನು ಉಪ್ಪು ಕೇಳಿದರೆ ಬೀದಿಯ ಕೊನೆಯ ಮನೆಯವರು ಡಬ್ಬಿ ಹುಡುಕಬೇಕು. ಅಂಥವರಿಗೂ ನನಗೂ ಒಟ್ಟಿಗೆ ಬಂದದ್ದು, ನಮ್ಮ ಕಡೆ ಹೆಂಗಸರು ಪಿಸುಮಾತಿನಲ್ಲೂ ಪೂರ್ತಿ ಹೇಳದ ಅಂಡಾಶಯದ ಕ್ಯಾನ್ಸರ್.

ನಾನು ಜಂಗಮಕೋಟೆಯ ಅಂಗನವಾಡಿ ಟೀಚರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೀಮೋ ಹಾಕಿಸಿಕೊಳ್ಳುವಾಗ ನಮ್ಮಿಬ್ಬರದು ಅಕ್ಕಪಕ್ಕದ ಕುರ್ಚಿ.

"ಯಾವೂರಮ್ಮಾ?" ಎಂದರು. ಹೇಳಿದೆ.

"ಹುಳ ಸಾಕ್ತೀರಾ?"

"ನಮ್ಮನೆಯವರು ಸಾಕ್ತಾರೆ."

"ಅರೇ, ನಿಮ್ಮೂರ ಗೂಡು ತಗೊಂಡೇ ನಾನು ಕೆಟ್ಟಿದ್ದು. ನೋಡೋಕೆ ಬೆಳ್ಳಗೆ ಚೆನ್ನಾಗಿರ್ತದೆ, ನೀರಿಗೆ ಹಾಕಿದ್ರೆ ನಿಮಿಷಕ್ಕೊಂದು ಸಲ ಎಳೆ ಕಡೀತದೆ."

ನನಗೂ ರೋಷ ಬಂತು. ಎಳೆ ತೆಗೆಯಲು ಬಾರದವರು ಗೂಡನ್ನು ಬೈದರಂತೆ ಎಂದೆ. ಇಬ್ಬರ ಕೈಗೂ ಸೂಜಿ ಚುಚ್ಚಿತ್ತು. ಆದರೂ ಗೂಡಿನ ಮಾರುಕಟ್ಟೆಯ ಜಗಳವನ್ನು ಮೂರು ಗಂಟೆ ನಡೆಸಿದೆವು. ಬಾಟಲಿ ಖಾಲಿಯಾದದ್ದೇ ತಿಳಿಯಲಿಲ್ಲ. ಅವತ್ತಿನಿಂದ ಆಸ್ಪತ್ರೆಗೆ ಹೋಗುವಾಗ ಇಬ್ಬರದೂ ಒಂದೇ ಬಸ್ಸು.

ಆಪರೇಷನ್ನೂ ಕೀಮೋನೂ ಮುಗಿದು ತಲೆಯಲ್ಲಿ ಕೂದಲು ಮತ್ತೆ ಬಂದರೂ ನನ್ನದೊಂದು ಸಂಕಟ ಉಳಿದುಕೊಂಡಿತ್ತು. ಹುಳ ದೊಡ್ಡದಾಗಿ ಸೊಪ್ಪು ಜಾಸ್ತಿ ತಿನ್ನುವ ದಿನಗಳಲ್ಲಿ ಹುಳದ ಮನೆಯಲ್ಲೇ ಯಾರಾದರೂ ಮಲಗುವುದು ನಮ್ಮಲ್ಲಿ ರೂಢಿ. ನಮ್ಮನೆಯವರು ಒಂದು ಬೆಳೆಗೆಂದು ಹಾಸಿಗೆ ಎತ್ತಿಕೊಂಡು ಹೋದವರು ಮರಳಿ ತರಲೇ ಇಲ್ಲ. ಒಂದು ಬೆಳೆ ಇಳಿಯುವುದರೊಳಗೆ ಇನ್ನೊಂದಕ್ಕೆ ಮರಿಹುಳ ತಂದಾಗಿರುತ್ತಿತ್ತು. ಎಂಥ ದುಡಿಮೆಗಾರ ಎಂದು ಊರು ಹೊಗಳಿತು. ಅತ್ತೆ ಮಗನಿಗೆ ದೃಷ್ಟಿ ತೆಗೆದರು.

ನಿಜ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ. ಚಿಕಿತ್ಸೆಯ ನಂತರ ಒಂದೇ ಒಂದು ಸಲ ಅವರು ಹತ್ತಿರ ಬಂದಿದ್ದರು. ಕೊಯ್ದ ಹಾಗೆ ನೋವಾಗಿ ನಾನು ಗೋಡೆಗೆ ತಿರುಗಿ ಅತ್ತಿದ್ದೆ. ಮಾರನೆಯ ದಿನವೇ ಹಾಸಿಗೆ ಹೊರಟದ್ದು. ಒಳಗಿನದೆಲ್ಲ ತೆಗೆಸಿಕೊಂಡವಳು ಇನ್ನೆಂಥ ಹೆಂಡತಿ ಎಂದು ನನ್ನನ್ನು ಬಿಟ್ಟುಬಿಟ್ಟರು ಎನಿಸಿತು. ಕಾಯಿಲೆ ಬಂದಾಗ ಕೂಡ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಇದನ್ನು ಬಸ್ಸಿನಲ್ಲಿ ಆಪಾನ ಕಿವಿಯಲ್ಲಿ ಹೇಳಿದ್ದು ನನ್ನ ದಡ್ಡತನ.

"ಏಳು ತಿಂಗಳು ಹುಳದ ಮನೇಲಾ?" ಎಂದರು ಆಪಾ, ಯಂತ್ರದ ಮೇಲೆ ಮಾತಾಡುವ ಗಂಟಲಿನಲ್ಲಿ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ತಿರುಗಿದ. ದೇವನಹಳ್ಳಿ ದಾಟುವ ತನಕ ನಾನು ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬರನ್ನು ನೋಡುವಾಗಲೇ ಇನ್ನೊಬ್ಬರನ್ನು ಒಳಗೆ ಕೂರಿಸುತ್ತಾರೆ. ಬೇರೆ ಏನಾದರೂ ತೊಂದರೆ ಇದೆಯೇ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ಏನೂ ಇಲ್ಲ ಎಂದೆ.

"ಸುಳ್ಳು ಹೇಳ್ತಾಳೆ ಡಾಕ್ಟ್ರಮ್ಮಾ," ಎಂದರು ಪಕ್ಕದ ಸ್ಟೂಲಿನಿಂದ ಆಪಾ. "ಗಂಡ ಹತ್ರ ಬಂದ್ರೆ ಇವಳಿಗೆ ನೋವಾಗ್ತದೆ. ಅವನು ಹುಳದ ಜೊತೆ ಸಂಸಾರ ಮಾಡ್ತಾ ಇದಾನೆ."

ಪರದೆಯ ಆಚೆ ಸಾಲಿನಲ್ಲಿದ್ದವರ ಮಾತೆಲ್ಲ ನಿಂತುಹೋಯಿತು. ಸ್ಟೂಲಿನ ಕೆಳಗೆ ಜಾಗವಿದ್ದರೆ ನಾನು ಅಲ್ಲಿ ತೂರಿಕೊಳ್ಳುತ್ತಿದ್ದೆ. ಡಾಕ್ಟರಮ್ಮ ನಗಲಿಲ್ಲ, ಪೆನ್ನು ಕೆಳಗಿಟ್ಟರು.

"ಇದನ್ನ ಯಾರೂ ಹೇಳಲ್ಲ ನೋಡಿ. ಅಂಡಾಶಯ ತೆಗೆದ ಮೇಲೆ ಮುಟ್ಟು ನಿಲ್ಲೋದರ ತೊಂದರೆಯೆಲ್ಲ ಒಂದೇ ಏಟಿಗೆ ಬರುತ್ತೆ. ಒಳಗೆಲ್ಲ ಒಣಗುತ್ತೆ, ಅದಕ್ಕೇ ನೋವು. ಆಸೆ ಕಡಿಮೆಯಾಗೋದೂ ಇದೆ. ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ. ಪರೀಕ್ಷೆ ಮಾಡಿ ಜೆಲ್ ಬರೆದುಕೊಡ್ತೀನಿ. ನಿಧಾನಕ್ಕೆ, ಇಬ್ಬರೂ ಮಾತಾಡಿಕೊಂಡು. ನೋವಾದ್ರೆ ನಿಲ್ಲಿಸಿ. ಕಡಿಮೆಯಾಗದಿದ್ರೆ ಮತ್ತೆ ಬನ್ನಿ, ಬೇರೆ ದಾರಿ ಇದೆ."

"ನನಗೂ ಬರೀರಿ," ಎಂದರು ಆಪಾ. ಡಾಕ್ಟರಮ್ಮ ಅವರ ಚೀಟಿಯಲ್ಲಿದ್ದ ವಯಸ್ಸನ್ನು ನೋಡಿದರು. "ಅರವತ್ತೆರಡಾದ್ರೆ ಹೆಂಡ್ತಿ ಅಲ್ವಾ?" ಆಪಾ ಬಿಡಲಿಲ್ಲ. "ನಮ್ ಸಾಬರು ಇನ್ನೂ ಮನೇಲೇ ಮಲಗ್ತಾರೆ."

ನಾವು ಹೊರಗೆ ಬಂದಾಗ ಸಾಲಿನಲ್ಲಿದ್ದ ಚಿಂತಾಮಣಿ ಕಡೆಯ ಹೆಂಗಸೊಬ್ಬಳು ಆಪಾನ ಸೆರಗು ಹಿಡಿದು, ನನಗೂ ಅದೇ ತೊಂದರೆ, ಒಳಗೆ ಬಂದು ಹೇಳ್ತೀರಾ ಎಂದು ಕೇಳಿದಳು. ಆಪಾ ಹೋಗಿ ಹೇಳಿದರು. ಹೊರಗಿದ್ದ ನಮಗೆಲ್ಲ ಕೇಳಿಸಿತು.

ಶಿಡ್ಲಘಟ್ಟದ ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ ಕಿವಿಯವರೆಗೆ ಕೆಂಪಾದ. ಟ್ಯೂಬನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿದ.

"ಬಾಂಬೇನಪ್ಪಾ ಇದು?" ಎಂದರು ಆಪಾ. "ಕೆಮ್ಮಿನ ಔಷಧಿ ಹಂಗೇ ಕೊಡ್ತೀಯಲ್ಲ. ಬಿಚ್ಚು. ಎರಡು ಕೊಡು."

ಟ್ಯೂಬು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಹದಿನೈದು ದಿನ ಮಲಗಿತ್ತು. ನಮ್ಮನೆಯವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಫೋನಿನಲ್ಲಿ ವಿಚಾರಿಸಿ ವಿಚಾರಿಸಿ ಬೇಸತ್ತ ಆಪಾ ಒಂದು ಬೆಳಗ್ಗೆ ಆಟೋದಲ್ಲಿ ಬಂದಿಳಿದರು. ಅತ್ತೆ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಹೊರಗಿನವರು ಹುಳದ ಮನೆಯೊಳಗೆ ಹೋಗಬಾರದು. ಆಪಾ ಬಾಗಿಲ ಜಾಲರಿಯ ಹೊರಗೇ ನಿಂತು ಒಳಗಿದ್ದ ನಮ್ಮನೆಯವರನ್ನು ಕರೆದರು.

"ಹುಳ ಜ್ವರಕ್ಕೆ ಕೂತಾಗ ಏನ್ ಮಾಡ್ತೀಯಪ್ಪಾ?"

ಪೊರೆ ಬಿಡುವ ಮುಂಚೆ ಹುಳ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಕೂರುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಮ್ಮನೆಯವರು ಗೂಡಿನ ವ್ಯಾಪಾರವೇನೋ ಅಂದುಕೊಂಡು, "ಸೊಪ್ಪು ಹಾಕಲ್ಲ ಆಪಾ," ಎಂದರು.

"ಸತ್ತೋಯ್ತು ಅಂತ ಬಿಟ್ಟು ಹೋಗ್ತೀಯಾ?"

"ಎಲ್ಲಾದ್ರೂ ಉಂಟಾ. ಕಾಯ್ತೀನಿ."

"ಎದ್ದ ಮೇಲೆ?"

"ಎಳೇ ಸೊಪ್ಪು. ಸ್ವಲ್ಪ ಸ್ವಲ್ಪ."

"ಹುಳಕ್ಕೆ ಇಷ್ಟು ಮಾಡೋನು, ಹೆಂಡ್ತಿನ ಯಾಕಪ್ಪಾ ಬಿಟ್ಟೆ?"

ಅಂಗಳದಲ್ಲಿ ಅವರೆಕಾಯಿ ಸಿಡಿಯುವ ಸದ್ದು ನಿಂತಿತು. ನಮ್ಮನೆಯವರು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಜಾಲರಿಯ ಹತ್ತಿರ ಬಂದರು.

"ಬಿಟ್ಟಿಲ್ಲ ಆಪಾ. ಅವತ್ತು ಅತ್ಬಿಟ್ಲು. ನನ್ನಿಂದ ಒಳಗೇನೋ ಹರಿದೋಯ್ತು ಅಂತ ಹೆದರ್ಕೊಂಡೆ. ಅಲ್ಲೇ ಇದ್ರೆ ಮತ್ತೆ ಹತ್ರ ಹೋಗ್ಬಿಡ್ತೀನಿ ಅಂತ ಇಲ್ಲಿ ಮಲಗಿದೆ. ಕೇಳೋಕೆ ಬಾಯಿ ಬರ್ಲಿಲ್ಲ."

ನಾನು ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ಸಂತೋಷಕ್ಕೋ, ಕಳೆದ ಏಳು ತಿಂಗಳಿಗೋ, ಅಳು ತಡೆಯಲಾಗಲಿಲ್ಲ. ಸಂಜೆ ಅತ್ತೆ ಮಗನ ಹಾಸಿಗೆಯನ್ನು ತಂದು ನಮ್ಮ ಕೋಣೆಯಲ್ಲಿ ಹಾಸಿ, ತಮ್ಮ ಚಾಪೆ ಹಿಡಿದುಕೊಂಡು ಹುಳದ ಮನೆಗೆ ನಡೆದರು. ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲ ವಾರ ಬರೀ ಮಾತಾಡಿದೆವು. ಟ್ಯೂಬು ಸೀರೆ ಕೆಳಗಿನಿಂದ ಹೊರಬರಲು ಇನ್ನೂ ಒಂದು ತಿಂಗಳು ಬೇಕಾಯಿತು.

ಎರಡು ವರ್ಷದ ಮೇಲೆ ಕಾಯಿಲೆ ಆಪಾಗೆ ಮರಳಿ ಬಂತು. ಕೊನೆಯ ಸಲ ನೋಡಲು ಹೋದಾಗ, ಅವರಿಗೆ ನಿದ್ದೆ ಬರಲೆಂದು ಮಕ್ಕಳು ಫಿಲೇಚರು ನಿಲ್ಲಿಸಿದ್ದರು. ಕೋಣೆಯ ತುಂಬ ಸೊಸೆಯರು, ನೆಂಟರು, ಬಾಗಿಲಲ್ಲಿ ಸಾಬರು. ಆಪಾಗೆ ಉಸಿರು ಸಾಲುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದು, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದರು.

"ಹುಳದ ಮನೇಲಿ ಈಗ ಯಾರು ಮಲಗ್ತಾರೆ?"

ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಅವರು ಇಲ್ಲವೆಂಬಂತೆ ತಲೆಯಾಡಿಸಿದರು. "ಕೇಳಿಸ್ಲಿಲ್ಲ ಬೇಟಿ. ಜೋರಾಗಿ ಹೇಳು."

ನಾನು ಕೋಣೆಯನ್ನೊಮ್ಮೆ ನೋಡಿದೆ. ಆಮೇಲೆ ನೆಟ್ಟಗೆ ನಿಂತು ಗಂಟಲು ಎತ್ತಿದೆ.

"ನಮ್ಮತ್ತೆ ಮಲಗ್ತಾರೆ ಆಪಾ. ನಮ್ಮನೆಯವರು ನನ್ನ ಜೊತೆ ಮಲಗ್ತಾರೆ."

ಯಂತ್ರದ ಸದ್ದಿಗೆ ಎಂದೋ ಕಿವಿ ಮಂದವಾಗಿದ್ದ ಸಾಬರೂ ಬಾಗಿಲಿನಿಂದ ತಿರುಗಿ ನೋಡಿದರು. ಆಪಾ ಕಣ್ಣು ಮುಚ್ಚಿಕೊಂಡು, ಸದ್ದೇ ಇಲ್ಲದೆ, ಮೈಯೆಲ್ಲ ಅಲುಗುವ ಹಾಗೆ ನಕ್ಕರು.